ಎಸಿ ಕೊಳ್ಳುವ ಮೊದಲು ಮಾಳಿಗೆ ಹತ್ತಿ ನೋಡಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಪೇಟೆಗಳಲ್ಲಿ ಬಟ್ಟೆ ಅಂಗಡಿ, ಬೀಜ-ಗೊಬ್ಬರದ ಅಂಗಡಿ, ಆಸ್ಪತ್ರೆ, ಬ್ಯಾಂಕು ಬಹುತೇಕ ಒಂದೆರಡು ಅಂತಸ್ತಿನ ಕಟ್ಟಡಗಳಲ್ಲೇ ಇವೆ. ಮುಂದೆ ಗಾಜು, ಮೇಲೆ ಆರ್‌ಸಿಸಿ ಸ್ಲ್ಯಾಬ್. ಊರ ಹೊರಗಿನ ಅಕ್ಕಿ ಗಿರಣಿ, ಗೋದಾಮುಗಳಿಗೆ ತಗಡು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿತೆಂದರೆ ಎಲ್ಲರಿಗೂ ಹೊಳೆಯುವುದು ಇನ್ನೊಂದು ಎಸಿ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಮಾಳಿಗೆಯ ಮೇಲಿದೆ. ಅದನ್ನು ಮೊದಲಿನಿಂದ, ನಿಧಾನವಾಗಿ ನೋಡೋಣ. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ.

ಗೋಡೆಯನ್ನು ಬಿಟ್ಟು ಮಾಳಿಗೆಯ ಮಾತೇಕೆ? ಈ ಮೂರೂ ಊರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಮೇ ಮೊದಲ ವಾರದ ನಡುಹಗಲಿನಲ್ಲಿ ಸೂರ್ಯ ಇಲ್ಲಿ ಹೆಚ್ಚುಕಮ್ಮಿ ನೆತ್ತಿಯ ಮೇಲೆಯೇ ಇರುತ್ತಾನೆ. ಆ ಹೊತ್ತಿಗೆ ಗೋಡೆಗಳ ಮೇಲೆ ನೇರ ಬಿಸಿಲು ಇಲ್ಲವೆನ್ನುವಷ್ಟು ಕಡಿಮೆ. ಪೂರಾ ಹೊಡೆತ ತಿನ್ನುವುದು ಮಾಳಿಗೆ. ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಬೀಳುತ್ತದೆ. ಹಳೆಯದಾಗಿ ಕಪ್ಪಿಟ್ಟ ಕಾಂಕ್ರೀಟು ಅದರಲ್ಲಿ ಶೇಕಡಾ 70ರಿಂದ 80 ಭಾಗವನ್ನು ಹೀರಿಕೊಂಡುಬಿಡುತ್ತದೆ. ಗಾಳಿ 41 ಡಿಗ್ರಿ ಇದ್ದರೆ ಸ್ಲ್ಯಾಬಿನ ಮೈ 60 ಮುಟ್ಟುವುದು ಹೀಗೆ.

ಈ ಬಿಸಿ ಆ ಕ್ಷಣವೇ ಕೆಳಗಿಳಿಯುವುದಿಲ್ಲ. ಒಲೆ ಆರಿಸಿದ ಮೇಲೂ ರೊಟ್ಟಿ ಹಂಚು ಬಿಸಿ ಕೊಡುವ ಹಾಗೆ, ಐದಾರು ಇಂಚಿನ ಸ್ಲ್ಯಾಬು ಮಧ್ಯಾಹ್ನ ಕುಡಿದ ಬಿಸಿಯನ್ನು ಕೆಲವು ತಾಸು ತಡವಾಗಿ, ಸಂಜೆ ಮತ್ತು ರಾತ್ರಿ ಕೆಳಗೆ ಬಿಡುತ್ತದೆ. ಪೇಟೆಯಲ್ಲಿ ಗಿರಾಕಿ ಸೇರುವ ಹೊತ್ತೂ ಅದೇ. ಹೊರಗೆ ತಂಗಾಳಿ ಬೀಸಲು ಶುರುವಾದರೂ ಒಳಗಿನ ಎಸಿ ಏಕೆ ಒಂದೇ ಸಮನೆ ಓಡುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ನಮ್ಮ ಸೀಮೆಯ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ತೊಲೆ, ಜಂತಿ ಕೂಡಿಸಿ ಮೇಲೆ ದಪ್ಪಗೆ ಮಣ್ಣು ಹಾಕಿದ ಮೇಲುಮುದ್ದೆ ಮನೆಗಳು, ಮಳೆಗಾಲಕ್ಕೆ ಮೊದಲು ಹೊಸದಾಗಿ ಹರಡುತ್ತಿದ್ದ ಸವಳು ಮಣ್ಣು, ಬಿಸಿಗಾಳಿ ಹೊರಗೆ ಹೋಗಲು ಬೆಳಕಿಂಡಿ: ಬಿಸಿಲನ್ನು ತಡೆಯುವುದೂ ಒಳಸೇರಿದ್ದನ್ನು ಹೊರಗೆ ಕಳಿಸುವುದೂ ಎರಡೂ ಅಲ್ಲಿದ್ದವು. ಈಗ ಸ್ಲ್ಯಾಬಿನ ಮೇಲೆ ಮಣ್ಣು ಸುರಿಯಿರಿ ಎಂದು ನಾನು ಹೇಳುವುದಿಲ್ಲ. ಆ ಭಾರ ನಿಮ್ಮ ಕಂಬಗಳು ಹೊತ್ತಾವೋ ಇಲ್ಲವೋ ಎಂಬುದನ್ನು ಎಂಜಿನಿಯರೇ ನೋಡಿ ಹೇಳಬೇಕು. ತತ್ವವನ್ನಷ್ಟೇ ತೆಗೆದುಕೊಳ್ಳೋಣ.

ಮೊದಲ ಹೆಜ್ಜೆ ಬಿಳುಪು. ಒಳ್ಳೆಯ ಬಿಳಿ ಲೇಪನ ಬಿಸಿಲಿನ ಶೇಕಡಾ 70ರಿಂದ 80 ಭಾಗವನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ. ಒರಟು ಲೆಕ್ಕ ಹಾಕಿ ನೋಡೋಣ. ಸಾವಿರ ಚದರ ಅಡಿಯ ಬರಿಯ ಸ್ಲ್ಯಾಬು 60 ಡಿಗ್ರಿಗೆ ಕಾದರೆ ಅದರ ಮೂಲಕ ಸುಮಾರು 10 ಕಿಲೋವ್ಯಾಟ್‌ನಷ್ಟು ಬಿಸಿ ಒಳಗಿಳಿಯಬಹುದು. ಬಿಳಿ ಬಳಿದು ಮೈಬಿಸಿ 45ರ ಹತ್ತಿರ ನಿಂತರೆ ಅದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಒಂದು ಟನ್ನಿನ ಎಸಿ ಹೊರಹಾಕುವುದು 3.5 ಕಿಲೋವ್ಯಾಟ್ ಬಿಸಿ. ಅಂದರೆ ಕೊಳ್ಳಬೇಕೆಂದಿದ್ದ ಆ ಇನ್ನೊಂದು ಎಸಿ ಬೇಕಾಗದೇ ಹೋಗಬಹುದು. ಈ ಲಾಭವೆಲ್ಲ ಮೇಲಿನ ಅಂತಸ್ತಿಗೆ ಮಾತ್ರ ಎಂಬುದು ನೆನಪಿರಲಿ. ನಿಮ್ಮ ಅಂಗಡಿಯ ಮೇಲೆ ಇನ್ನೊಂದು ಮಹಡಿ ಇದ್ದರೆ ಗಾಜಿಗೆ ನೆರಳು ಮಾಡುವುದು ಮೊದಲ ಕೆಲಸ.

ಬಳಿಯುವುದಕ್ಕೂ ಕ್ರಮವಿದೆ. ಸ್ಲ್ಯಾಬಿನ ಬಿರುಕು ಮುಚ್ಚದೆ, ನೀರು ನಿಲ್ಲುವ ತಗ್ಗು ಸರಿಪಡಿಸದೆ ಬಣ್ಣ ಹಚ್ಚಿದರೆ ಒಂದೇ ಮಳೆಗೆ ಸಿಪ್ಪೆ ಏಳುತ್ತದೆ. ಗುಡಿಸಿ, ತೊಳೆದು, ಒಣಗಿಸಿ, ಬಿಸಿಲೇರುವ ಮೊದಲು ಇಲ್ಲವೇ ಸಂಜೆ ಎರಡು ಕೋಟು ಹಚ್ಚಬೇಕು. ಶಿವರಾತ್ರಿಯೊಳಗೆ ಮುಗಿಸಿದರೆ ಇಡೀ ಬೇಸಿಗೆ ಕೈಸೇರುತ್ತದೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ಸುಣ್ಣಕ್ಕೆ ಫೆವಿಕಾಲ್‌ನಂಥ ಅಂಟು ಬೆರೆಸಿ ಬಳಿಯಿರಿ. ಅದು ಒಂದು ಬೇಸಿಗೆಗೆ ಸಾಕು, ಮುಂದಿನ ವರ್ಷ ಮತ್ತೆ ಬಳಿಯಬೇಕು. ಅಕ್ರಿಲಿಕ್ ಲೇಪನ ಕೆಲವು ವರ್ಷ ಬಾಳುತ್ತದೆ. ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಕೂಡಿಸುವುದು ಎಲ್ಲಕ್ಕಿಂತ ಗಟ್ಟಿ, ಖರ್ಚೂ ಹೆಚ್ಚು. ಬಿಳಿ ಮೈ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಸುಣ್ಣ ಚರ್ಮ ಸುಡುತ್ತದೆ. ಕೆಲಸಕ್ಕೆ ಬಂದವರಿಗೆ ಕನ್ನಡಕ, ಕೈಗವಸು ಕೊಡುವುದನ್ನು ದಯವಿಟ್ಟು ಮರೆಯಬೇಡಿ.

ಬಿಳುಪಿನ ದೊಡ್ಡ ಶತ್ರು ಧೂಳು. ಎರೆಮಣ್ಣಿನ ಧೂಳು ಎಲ್ಲ ಕಡೆಯೂ ಉಂಟು. ಗಿರಣಿಗಳ ಹತ್ತಿರವಾದರೆ ಬಾಯ್ಲರಿನಲ್ಲಿ ಉರಿದ ಭತ್ತದ ಹೊಟ್ಟಿನ ಬೂದಿಯೂ ಬಂದು ಕೂಡುತ್ತದೆ. ಬೇಸಿಗೆಗೆ ಮೊದಲು ಒಮ್ಮೆ, ನಡುವೆ ಒಮ್ಮೆ ತೊಳೆದರೆ ಲೇಪನ ಮತ್ತೆ ಕೆಲಸ ಮಾಡುತ್ತದೆ.

ತಗಡಿನ ಶೆಡ್ಡಿನ ಕಥೆ ಬೇರೆ. ಹೊಳೆಯುವ ಹೊಸ ತಗಡು ಬಿಸಿಲನ್ನು ಪ್ರತಿಫಲಿಸುತ್ತದೆ ನಿಜ. ಆದರೆ ಹೀರಿಕೊಂಡ ಬಿಸಿಯನ್ನು ಬಿಟ್ಟುಕೊಡುವ ಗುಣ ಬರಿಯ ಲೋಹಕ್ಕೆ ಬಹಳ ಕಡಿಮೆ. ಅದಕ್ಕೇ ಕಾದ ತಗಡು ಕಾದೇ ಇರುತ್ತದೆ. ತುಕ್ಕು ಹಿಡಿದರಂತೂ ಪ್ರತಿಫಲಿಸುವ ಗುಣವೂ ಹೋಯಿತು. ಬಿಳಿ ಬಣ್ಣ ಎರಡನ್ನೂ ಮಾಡುತ್ತದೆ: ಬಿಸಿಲನ್ನು ಹಿಂದಿರುಗಿಸುತ್ತದೆ, ಬಿಸಿಯನ್ನೂ ಬಿಟ್ಟುಕೊಡುತ್ತದೆ. ಗಿರಣಿಯಲ್ಲಿ ಎಸಿ ಇರುವುದಿಲ್ಲ, ಹಾಗಾಗಿ ಬಿಲ್ಲಿನಲ್ಲಿ ಉಳಿತಾಯ ಕಾಣಲಿಕ್ಕಿಲ್ಲ. ಆದರೆ ಚೀಲ ಹೊರುವ ಹಮಾಲರ ತಲೆಯ ಮೇಲೆ ಇಡೀ ದಿನ ಕಾದ ತಗಡು ಇರುತ್ತದೆ. ನನ್ನ ಮಟ್ಟಿಗೆ ಬಿಲ್ಲಿಗಿಂತ ಆ ಕಾರಣವೇ ದೊಡ್ಡದು. ಶೆಡ್ಡಿನ ನೆತ್ತಿಯಲ್ಲಿ ಗಾಳಿಗೆ ತಿರುಗುವ ವೆಂಟಿಲೇಟರ್ ಇಟ್ಟು, ಕೆಳಗಿನ ಗೋಡೆಯಲ್ಲಿ ಗಾಳಿ ಒಳಬರಲು ಕಿಂಡಿ ಬಿಡಿ. ಕಿಂಡಿ ಇಲ್ಲದಿದ್ದರೆ ಮೇಲಿನ ಚಕ್ರ ಸುಮ್ಮನೆ ತಿರುಗುತ್ತದೆ, ಅಷ್ಟೇ.

ಬೀಜದ ಅಂಗಡಿಯವರಿಗೊಂದು ಮಾತು. ದಾಸ್ತಾನು ಕೋಣೆ 5 ಡಿಗ್ರಿ ಹೆಚ್ಚು ಬಿಸಿಯಾದರೆ ಬೀಜದ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಬೀಜ ಸಂಗ್ರಹಣೆಯಲ್ಲಿ ಒಪ್ಪಿಕೊಂಡ ಸ್ಥೂಲ ಸೂತ್ರ. ನಿಮ್ಮ ಕೋಣೆಯ ಬಿಸಿ ಕೊನೆಗೆ ರೈತನ ಹೊಲದ ಮೊಳಕೆಯಲ್ಲಿ ಕಾಣುತ್ತದೆ.

ಹೊಸದಾಗಿ ಕಟ್ಟುವವರು ಬಿಳುಪಿನ ಜೊತೆಗೆ ಸ್ಲ್ಯಾಬಿನ ಮೇಲೆ ಎರಡಿಂಚಿನ ಎಕ್ಸ್‌ಪಿಎಸ್ ಹಲಗೆ ಹಾಕಿಸಿ, ಅದರ ಮೇಲೆ ಕಾಂಕ್ರೀಟು ಎಳೆಸುವುದು ಒಳ್ಳೆಯದು. ಈ ಹಲಗೆ ಥರ್ಮೊಕೋಲ್ ಜಾತಿಯದೇ, ಅದಕ್ಕಿಂತ ಗಟ್ಟಿ. ಸ್ಲ್ಯಾಬಿನ ಮೇಲ್ಗಡೆ ಹಾಕಿದರೆ ಸ್ಲ್ಯಾಬೇ ಕಾಯುವುದಿಲ್ಲ. ಕೆಳಗೆ ಬರಿಯ ಪಿಒಪಿ ಸೀಲಿಂಗ್ ಮಾಡಿಸಿದರೆ ಸ್ಲ್ಯಾಬು ಎಂದಿನಂತೆ ಕಾಯುತ್ತಲೇ ಇರುತ್ತದೆ. ಸೋಲಾರ್ ಪ್ಯಾನಲ್ ಹಾಕಿಸುವವರು ಕೆಳಗೆ ಗಾಳಿಯಾಡುವಷ್ಟು ಎತ್ತರಕ್ಕೆ ನಿಲ್ಲಿಸಬೇಕು. ಅದು ಮಾಳಿಗೆಗೆ ನೆರಳೂ ಆಗುತ್ತದೆ.

ನಂಬಿಕೆ ಬಾರದಿದ್ದರೆ ಮಾಳಿಗೆಯ ಅರ್ಧ ಭಾಗಕ್ಕೆ ಮಾತ್ರ ಬಳಿದು ನೋಡಿ. ಎರಡೂ ಭಾಗಗಳ ಕೆಳಗೆ, ಸೀಲಿಂಗಿಗೆ ಹತ್ತಿರ, ಒಂದೊಂದು ಸಾದಾ ಥರ್ಮಾಮೀಟರ್ ತೂಗುಹಾಕಿ ಮಧ್ಯಾಹ್ನ ಮತ್ತು ರಾತ್ರಿ ಎಂಟಕ್ಕೆ ಬರೆದಿಡಿ. ಇನ್‌ಫ್ರಾರೆಡ್ ಗನ್ ಇದ್ದರೆ ಇನ್ನೂ ಸುಲಭ. ಹೊಳೆಯುವ ತಗಡಿನ ಮೇಲೆ ಮಾತ್ರ ಅದು ತಪ್ಪು ಅಂಕಿ ತೋರಿಸುತ್ತದೆ. ಅಲ್ಲಿ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಅದರ ಮೇಲೆ ಅಳೆಯಿರಿ.

ಪಕ್ಕದ ತೆಲಂಗಾಣ 2023ರ ಏಪ್ರಿಲ್‌ನಲ್ಲಿ ತಂಪು ಮಾಳಿಗೆ ನೀತಿ ತಂದು, ಹೊಸ ವಾಣಿಜ್ಯ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿತು. ಕೇಂದ್ರದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 100 ಕಿಲೋವ್ಯಾಟ್ ಇಲ್ಲವೇ ಅದಕ್ಕೂ ಮೇಲ್ಪಟ್ಟ ಲೋಡಿನ ದೊಡ್ಡ ಕಟ್ಟಡಗಳಿಗೆಂದು ಬಂದದ್ದು. ನಮ್ಮ ಪೇಟೆಯ ಸಾಮಾನ್ಯ ಅಂಗಡಿ ಅದರೊಳಗೆ ಬರುವುದಿಲ್ಲ, ಆದ್ದರಿಂದ ಕೆಲಸ ನಮ್ಮದೇ.

ಇಲ್ಲಿ ಒಂದು ತೊಡಕಿದೆ. ಅಂಗಡಿಗಳು ಬಹಳಷ್ಟು ಬಾಡಿಗೆಯವು. ಜೆಸ್ಕಾಂನ ವಿದ್ಯುತ್ ಬಿಲ್ಲು ಕಟ್ಟುವವರು ಬಾಡಿಗೆದಾರರು, ಮಾಳಿಗೆ ಮಾಲೀಕರದು; ಬಳಿಸುವವರು ಯಾರು? ಕರಾರು ಹೊಸದು ಮಾಡುವಾಗಲೇ ಇದನ್ನು ಮಾತಾಡಿಕೊಳ್ಳಿ. ಬಾಡಿಗೆದಾರರು ಬಳಿಸುವುದು, ಮಾಲೀಕರು ಆ ಖರ್ಚನ್ನು ಕೆಲವು ತಿಂಗಳ ಬಾಡಿಗೆಯಲ್ಲಿ ಮುರಿದುಕೊಡುವುದು, ಪ್ರತಿ ವರ್ಷ ತೊಳೆಯುವ ಹೊಣೆ ಯಾರದೆಂದು ಒಂದು ಸಾಲಿನಲ್ಲಿ ಬರೆದುಕೊಳ್ಳುವುದು. ಬಿರುಕು ಮುಚ್ಚಿದ, ಬಿಸಿಲಿಗೆ ಹಿಗ್ಗಿ ಕುಗ್ಗುವುದು ಕಡಿಮೆಯಾದ ಸ್ಲ್ಯಾಬು ಹೆಚ್ಚು ಕಾಲ ಬಾಳುತ್ತದೆ, ಸೋರುವುದೂ ಕಡಿಮೆ ಎಂದು ಹೇಳಿದರೆ ಮಾಲೀಕರೂ ಒಪ್ಪುತ್ತಾರೆ.