ಪರದೇಶದ ನಿವೃತ್ತಿ ಮತ್ತು ಪಿಂಚಣಿಯ ಅಮಾನತ್



ದುಡಿಯುವ ಕೈಗೆ ಒಂದು ದಿನ ವಿಶ್ರಾಂತಿ ಬರಲೇಬೇಕು. ಆ ವಿಶ್ರಾಂತಿಯನ್ನು ಹುಟ್ಟಿದ ಊರಿನಲ್ಲೇ ಕಳೆಯುವ ಕಾಲ ಒಂದಿತ್ತು. ಈಗ ಹಾಗಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂತಹ ಊರುಗಳಲ್ಲಿಯೂ ಮಗ ದುಬೈಯಲ್ಲೋ ಜಿದ್ದಾದಲ್ಲೋ ನೆಲೆಸಿ, ವಯಸ್ಸಾದ ತಂದೆತಾಯಿಯನ್ನು ತನ್ನ ಬಳಿ ಕರೆಸಿಕೊಳ್ಳುವುದುಂಟು. ತಂದೆ ಹುಲಕೋಟಿಯ ನೂಲಿನ ಗಿರಣಿಯಲ್ಲೋ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲೋ ಹುಬ್ಬಳ್ಳಿಯ ಯಾವುದಾದರೊಂದು ಕಂಪೆನಿಯಲ್ಲೋ ದುಡಿದು ನಿವೃತ್ತರಾದವರು. ಅವರ ಪಿಂಚಣಿ ಪ್ರತಿ ತಿಂಗಳು ಊರಿನ ಬ್ಯಾಂಕಿಗೆ ಬಂದು ಬೀಳುತ್ತದೆ. ತಂದೆ ಸಮುದ್ರದಾಚೆ, ಹಣ ಊರಿನಲ್ಲಿ, ಎಟಿಎಂ ಕಾರ್ಡು ಕಿರಿಯ ಮಗನ ಕಿಸೆಯಲ್ಲಿ.

ಮೊತ್ತ ಸಣ್ಣದು, ಇದರಲ್ಲಿ ದೀನಿನ ಪ್ರಶ್ನೆ ಏನಿದೆ ಎಂದು ನೀವು ಕೇಳಬಹುದು. ಇದೆ. ಈ ಸಣ್ಣ ಹಣದಲ್ಲಿ ಒಂದು ಹಕ್ಕು, ಒಂದು ಕರಾರು, ಒಂದು ಸಾಕ್ಷ್ಯ ಮತ್ತು ಒಂದು ಅಮಾನತ್ ಸೇರಿಕೊಂಡಿವೆ. ಇವುಗಳಲ್ಲಿ ಒಂದನ್ನು ಮರೆತರೂ ಹಲಾಲ್ ಸಂಪಾದನೆ ಹರಾಮಿಗೆ ತಿರುಗುತ್ತದೆ.

ಪಿಂಚಣಿ ಯಾರ ಭಿಕ್ಷೆಯೂ ಅಲ್ಲ

ಗುಹೆಯಲ್ಲಿ ಸಿಲುಕಿದ ಮೂವರ ಘಟನೆಯನ್ನು ನೀವು ಕೇಳಿರುವಿರಿ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಅದು ವರದಿಯಾಗಿದೆ. ಬಂಡೆಯೊಂದು ಉರುಳಿ ಗುಹೆಯ ಬಾಯಿ ಮುಚ್ಚಿದಾಗ ಪ್ರತಿಯೊಬ್ಬನೂ ತನ್ನ ಒಂದೊಂದು ನಿಷ್ಕಳಂಕ ಕರ್ಮವನ್ನು ಮುಂದಿಟ್ಟು ಅಲ್ಲಾಹನಲ್ಲಿ ಬೇಡುತ್ತಾನೆ. ಅವರಲ್ಲೊಬ್ಬನ ಬಳಿ ದುಡಿದ ಕೂಲಿಯಾಳು ತನ್ನ ಕೂಲಿಯ ಧಾನ್ಯವನ್ನು ಪಡೆಯದೆ ಹೊರಟುಹೋಗಿದ್ದ. ಯಜಮಾನನು ಅದನ್ನು ಬಿತ್ತಿ ಬೆಳೆಸಿದ. ಅದರಿಂದ ಜಾನುವಾರುಗಳ ಹಿಂಡೇ ಆಯಿತು. ಬಹಳ ಕಾಲದ ನಂತರ ಕೂಲಿಯಾಳು ಬಂದು ತನ್ನ ಹಕ್ಕನ್ನು ಕೇಳಿದಾಗ ಯಜಮಾನನು ಆ ಸಂಪತ್ತೆಲ್ಲವನ್ನೂ ಅವನಿಗೆ ಒಪ್ಪಿಸಿದ.

ತಡವಾಗಿ ಸಿಗುವ ಕೂಲಿಯೂ ಕೂಲಿಯೇ ಎಂಬುದು ಈ ಘಟನೆಯ ಒಂದು ಪಾಠ. ಕಂಪೆನಿ ಪಿಂಚಣಿಯ ಸ್ವರೂಪವೂ ಇದಕ್ಕೆ ಹತ್ತಿರವಾದುದೇ. ನಮ್ಮ ದೇಶದಲ್ಲಿ ಖಾಸಗಿ ಕಂಪೆನಿಗಳ ನೌಕರರಿಗಾಗಿ ನೌಕರರ ಪಿಂಚಣಿ ಯೋಜನೆ 1995ರ ನವೆಂಬರ್ 16ರಂದು ಜಾರಿಗೆ ಬಂತು. ನೌಕರನ ಹೆಸರಿನಲ್ಲಿ ಮಾಲೀಕನು ಕಟ್ಟುವ ಭವಿಷ್ಯನಿಧಿ ಪಾಲಿನಿಂದ ವೇತನದ ಶೇಕಡಾ 8.33ರಷ್ಟು ಪಿಂಚಣಿ ನಿಧಿಗೆ ಹೋಗುತ್ತದೆ. ಕನಿಷ್ಠ 10 ವರ್ಷ ಸೇವೆ ಸಲ್ಲಿಸಿದವರಿಗೆ 58ನೇ ವಯಸ್ಸಿನಲ್ಲಿ ಪಿಂಚಣಿ ಆರಂಭವಾಗುತ್ತದೆ. ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಅದರ ಲೆಕ್ಕ. ವೇತನ 15,000 ರೂಪಾಯಿ, ಸೇವೆ 15 ವರ್ಷ ಎಂದಾದರೆ ತಿಂಗಳಿಗೆ ಸುಮಾರು 3,214 ರೂಪಾಯಿ ಬರುತ್ತದೆ. ಕನಿಷ್ಠ ಪಿಂಚಣಿಯನ್ನು 2014ರಲ್ಲಿ 1,000 ರೂಪಾಯಿ ಎಂದು ನಿಗದಿಪಡಿಸಲಾಯಿತು.

ಆದ್ದರಿಂದ ಪಿಂಚಣಿ ಪಡೆಯುವ ಹಿರಿಯರೇ, ಸಂಕೋಚ ಬೇಡ. ಮಗ ಗಲ್ಫ್‌ನಲ್ಲಿ ಚೆನ್ನಾಗಿ ಸಂಪಾದಿಸುತ್ತಿದ್ದಾನೆ ಎಂಬ ಕಾರಣಕ್ಕೆ ನಿಮ್ಮ ಹಕ್ಕು ಇಲ್ಲವಾಗುವುದಿಲ್ಲ. ನೀವು ಎಲ್ಲಿ ವಾಸಿಸಿದರೂ ಅದು ನಿಮ್ಮದೇ. ವೃದ್ಧಾಪ್ಯದಲ್ಲಿ ಮನುಷ್ಯನನ್ನು ಕೈಬಿಡಬಾರದೆಂಬುದು ಇಸ್ಲಾಮಿನ ಹಳೆಯ ಪಾಠ. ಖಲೀಫಾ ಉಮರ್(ರ)ರವರು ಭಿಕ್ಷೆ ಬೇಡುತ್ತಿದ್ದ ಕುರುಡ ಯಹೂದಿ ಮುದುಕನೊಬ್ಬನನ್ನು ಕಂಡು, ಯೌವನದಲ್ಲಿ ಅವನಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಬೈತುಲ್‌ಮಾಲ್‌ನಿಂದ ನೆರವು ಕೊಡಿಸಿದ್ದನ್ನು ಇಮಾಮ್ ಅಬೂ ಯೂಸುಫ್ ದಾಖಲಿಸಿದ್ದಾರೆ.

ಜೀವಿತ ಪ್ರಮಾಣಪತ್ರವೆಂಬ ಸಾಕ್ಷ್ಯ

ಹಕ್ಕಿನೊಂದಿಗೆ ಕರಾರೂ ಇದೆ. ಪಿಂಚಣಿ ಸಲ್ಲುವುದು ಪಿಂಚಣಿದಾರನ ಉಸಿರಿರುವವರೆಗೆ ಮಾತ್ರ. ಅದಕ್ಕಾಗಿಯೇ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡಬೇಕು. ಕರಾರುಗಳನ್ನು ಪೂರೈಸಬೇಕೆಂದು ಸೂರಃ ಅಲ್ ಮಾಇದಃದ ಮೊದಲ ವಚನವೇ ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ಕರಾರು ಮುಸ್ಲಿಮನೊಂದಿಗೆ ಆದುದೋ ಮುಸ್ಲಿಮೇತರನೊಂದಿಗೆ ಆದುದೋ, ಸರಕಾರದೊಂದಿಗೋ ಕಂಪೆನಿಯೊಂದಿಗೋ ಎಂಬ ಭೇದ ಅಲ್ಲಿಲ್ಲ.

ಕೆಲವರಿಗೆ ಈ ಪತ್ರ ಬರೀ ಕಚೇರಿಯ ಕಿರಿಕಿರಿ. ಆದರೆ ಮುಸ್ಲಿಮನು ಸಹಿ ಹಾಕುವ ಪ್ರತಿಯೊಂದು ಘೋಷಣೆಯೂ ಶಹಾದತ್, ಅಂದರೆ ಸಾಕ್ಷ್ಯ. ಮಹಾಪಾಪಗಳನ್ನು ಎಣಿಸುತ್ತಿದ್ದಾಗ ಒರಗಿ ಕುಳಿತಿದ್ದ ಪ್ರವಾದಿ(ಸ)ರು ನೆಟ್ಟಗೆ ಕುಳಿತು ಸುಳ್ಳು ಸಾಕ್ಷ್ಯದ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದರೆಂದು ಹದೀಸ್‌ನಲ್ಲಿದೆ. ನಿಮ್ಮ ವಿರುದ್ಧವೇ ಆಗಲಿ, ತಂದೆತಾಯಿ ಮತ್ತು ಬಂಧುಗಳ ವಿರುದ್ಧವೇ ಆಗಲಿ, ನ್ಯಾಯದ ಸಾಕ್ಷಿಗಳಾಗಿರಿ ಎಂಬುದು ಸೂರಃ ಅನ್ನಿಸಾದ 135ನೇ ವಚನದ ಆದೇಶ.

ಪರದೇಶದಲ್ಲಿರುವವರು ಈ ಕರ್ತವ್ಯ ನೆರವೇರಿಸುವುದು ಕಷ್ಟವೂ ಅಲ್ಲ. ದುಬೈ ಮತ್ತು ಜಿದ್ದಾದಲ್ಲಿ ಭಾರತದ ಕಾನ್ಸುಲೇಟ್‌ಗಳಿವೆ. ಅಬೂಧಾಬಿ, ರಿಯಾದ್, ಮಸ್ಕತ್, ಕುವೈತ್, ದೋಹಾಗಳಲ್ಲಿ ರಾಯಭಾರ ಕಚೇರಿಗಳಿವೆ. ಪಾಸ್‌ಪೋರ್ಟ್ ಮತ್ತು ಪಿಂಚಣಿ ಆದೇಶದ ಕಾಗದದೊಂದಿಗೆ ಖುದ್ದಾಗಿ ಹೋದರೆ ಅಲ್ಲಿನ ಅಧಿಕಾರಿ ಪ್ರಮಾಣಪತ್ರಕ್ಕೆ ಸಹಿ ಮಾಡಿಕೊಡುತ್ತಾರೆ. ಊರಿಗೆ ಬಂದಾಗ ಬೆರಳಚ್ಚು ಅಥವಾ ಮುಖ ಗುರುತಿನ ಮೂಲಕ ಡಿಜಿಟಲ್ ಪ್ರಮಾಣಪತ್ರ ಸಲ್ಲಿಸಬಹುದು. ಈ ವ್ಯವಸ್ಥೆ 2014ರ ನವೆಂಬರ್‌ನಲ್ಲಿ ಆರಂಭವಾಯಿತು. ಭವಿಷ್ಯನಿಧಿಯ ಪಿಂಚಣಿದಾರರು ಅದನ್ನು ವರ್ಷದ ಯಾವ ತಿಂಗಳಲ್ಲಾದರೂ ಸಲ್ಲಿಸಬಹುದು. ಅಲ್ಲಿಂದ ಒಂದು ವರ್ಷ ಅದು ಊರ್ಜಿತವಾಗಿರುತ್ತದೆ. ಒಂದು ವೇಳೆ ತಡವಾಗಿ ಪಿಂಚಣಿ ನಿಂತರೂ, ಪತ್ರ ಕೊಟ್ಟ ಬಳಿಕ ಬಾಕಿ ಸಹಿತ ಮರಳಿ ಬರುತ್ತದೆ. ಹೀಗಿರುವಾಗ ಸುಳ್ಳು ಸಹಿಯ ಅಗತ್ಯವಾದರೂ ಏನು?

ಇನ್ನೊಂದು ಮಾತು. ಪರದೇಶದಲ್ಲಿ ನೆಲೆಸಿದವರು ಆ ವಿಷಯವನ್ನು ಬ್ಯಾಂಕಿಗೆ ತಿಳಿಸಿ, ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಓ ಖಾತೆಯಾಗಿ ಬದಲಾಯಿಸಬೇಕೆಂಬುದು ಕಾನೂನು. ಪಿಂಚಣಿಯ ಹಣವನ್ನು ತೆರಿಗೆ ಸಂದಾಯದ ನಂತರ ಆ ಖಾತೆಯಿಂದ ಪರದೇಶಕ್ಕೆ ತರಿಸಿಕೊಳ್ಳಲು ಅವಕಾಶವೂ ಇದೆ. ಖಾತೆಯಲ್ಲಿ ಸೇರುವ ಬ್ಯಾಂಕಿನ ಬಡ್ಡಿ ಮಾತ್ರ ಪಿಂಚಣಿಯ ಭಾಗವಲ್ಲ. ಅದನ್ನು ಬೇರ್ಪಡಿಸಿಡಿ.

ಕಾರ್ಡು ಯಾರ ಕೈಯಲ್ಲಿ?

ಊರಿನಲ್ಲಿ ಕಾರ್ಡು ಹಿಡಿದಿರುವ ಮಗನೇ, ಇನ್ನು ನಿನ್ನೊಡನೆ ಮಾತು. ಆ ಹಣಕ್ಕೆ ನೀನು ವಕೀಲನು, ಮಾಲೀಕನಲ್ಲ. ಅಬ್ಬಾ ಹೇಳಿದ್ದಕ್ಕೆ ಖರ್ಚು ಮಾಡು, ಉಳಿದದ್ದಕ್ಕೆ ಲೆಕ್ಕ ಬರೆದಿಡು. ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಸೂರಃ ಅನ್ನಿಸಾದ 58ನೇ ವಚನ ಆದೇಶಿಸಿದೆ. ಅಣ್ಣನ ಮನೆಯಲ್ಲಿ ಅವರಿಗೆ ಊಟಕ್ಕೆ ಕೊರತೆಯಿಲ್ಲ, ಈ ಹಣ ಅವರಿಗೇಕೆ ಎಂಬುದು ಶೈತಾನನ ಲೆಕ್ಕಾಚಾರ. ತಂದೆಗೆ ತನ್ನ ಕೈಯಿಂದ ಮಗಳಿಗೆ ಈದಿ ಕೊಡುವ, ಮಸೀದಿಗೆ ಚಂದಾ ಕೊಡುವ, ಬಡ ನೆಂಟನಿಗೆ ನೆರವಾಗುವ ಆಸೆ ಇರುತ್ತದೆ. ಎಲ್ಲದಕ್ಕೂ ಮಗನ ಮುಂದೆ ಕೈಚಾಚದೆ ಬದುಕುವ ಅವರ ಮಾನ ಆ ಮೂರು ಸಾವಿರ ರೂಪಾಯಿಯಲ್ಲಿದೆ.

ಉಸಿರು ನಿಂತ ದಿನ

ಪರೀಕ್ಷೆ ನಿಜವಾಗಿ ಆರಂಭವಾಗುವುದು ಇಲ್ಲಿ. ತಂದೆ ಪರದೇಶದಲ್ಲಿ ಮರಣ ಹೊಂದುತ್ತಾರೆ. ಜನಾಝಾ ಅಲ್ಲೇ ನಡೆಯುತ್ತದೆ. ಊರಿನ ಬ್ಯಾಂಕಿಗೆ ಸುದ್ದಿ ಇಲ್ಲ. ಮುಂದಿನ ತಿಂಗಳೂ ಹಣ ಬರುತ್ತದೆ, ಅದರ ಮುಂದಿನ ತಿಂಗಳೂ ಬರುತ್ತದೆ. ನೋಡುವವರು ಯಾರೂ ಇಲ್ಲ. ಆದರೆ ನೋಡುವವನೊಬ್ಬನಿದ್ದಾನಲ್ಲವೇ?

ಮರಣದ ನಂತರ ಸಂದಾಯವಾದ ಹಣ ತಂದೆಯದಲ್ಲ, ವಾರೀಸುದಾರರದೂ ಅಲ್ಲ. ಅದು ಆ ನಿಧಿಯದು. ತೆಗೆದುಕೊಂಡವನ ಮೇಲೆ ಅದು ಸಾಲ. ಹಣ ಅಲ್ಪವೆಂಬ ಸಮಾಧಾನ ಬೇಡ. ಆ ನಿಧಿಯಲ್ಲಿ ಇತರ ಕಾರ್ಮಿಕರ, ವಿಧವೆಯರ, ಅನಾಥರ ಪಾಲಿದೆ. ಪರಲೋಕದಲ್ಲಿ ಇಷ್ಟು ಜನರ ಹಕ್ಕನ್ನು ಯಾರಿಂದ ಮಾಫಿ ಕೇಳಿ ತೀರಿಸುವಿರಿ?

ಮರಣವನ್ನು ಮುಚ್ಚಿಟ್ಟವನು ತನ್ನ ತಾಯಿಗೂ ಅನ್ಯಾಯ ಮಾಡುತ್ತಾನೆ ಎಂಬುದನ್ನು ಬಹಳಷ್ಟು ಜನರು ಅರಿತಿಲ್ಲ. ಪಿಂಚಣಿದಾರನು ತೀರಿಕೊಂಡರೆ ಅವನ ಪತ್ನಿಗೆ ಅರ್ಧದಷ್ಟು ಪಿಂಚಣಿ ಕಾನೂನುಬದ್ಧವಾಗಿಯೇ ಸಿಗುತ್ತದೆ. ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ಸಲ್ಲಿಸಿದರೆ ಸಾಕು. ಪರದೇಶದ ಮರಣವನ್ನು ಭಾರತದ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬಹುದು. ನಮ್ಮ ಭಾಗದವರಿಗೆ ಹುಬ್ಬಳ್ಳಿಯಲ್ಲಿ ಭವಿಷ್ಯನಿಧಿಯ ಪ್ರಾದೇಶಿಕ ಕಚೇರಿ ಇದೆ. ತಂದೆಯ ಹೆಸರಿನಲ್ಲಿ ಹರಾಮ್ ಉಣ್ಣುವ ಮಗನು ತಾಯಿಯ ಹಲಾಲನ್ನು ತಡೆಹಿಡಿದಿದ್ದಾನೆ!

ಯಾವುದು ತರಕೆ, ಯಾವುದು ಅಲ್ಲ?

ಮರಣದ ದಿನ ಖಾತೆಯಲ್ಲಿದ್ದ ಹಣ ಮತ್ತು ಆ ದಿನದವರೆಗೆ ಸಲ್ಲಬೇಕಾಗಿದ್ದ ಬಾಕಿ ತರಕೆಗೆ ಸೇರುತ್ತದೆ. ಅದರಿಂದ ಮೊದಲು ಕಫನ್ ದಫನ್‌ನ ಖರ್ಚು, ನಂತರ ಸಾಲ, ಬಳಿಕ ಮೂರನೇ ಒಂದು ಭಾಗದೊಳಗಿನ ವಸಿಯ್ಯತ್, ಕೊನೆಗೆ ವಾರೀಸುದಾರರ ಪಾಲು. ನಾಮಿನಿ ಎಂದು ಹೆಸರಿರುವವನು ಹಣ ಪಡೆದು ಹಂಚುವ ಜವಾಬ್ದಾರ ಮಾತ್ರ. ಖಾತೆಯಲ್ಲಿ 2,40,000 ರೂಪಾಯಿ ಉಳಿದಿದೆ, ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಪತ್ನಿಗೆ ಎಂಟನೇ ಒಂದು ಭಾಗವಾದ 30,000, ಮಗನಿಗೆ 1,05,000, ಹೆಣ್ಣುಮಕ್ಕಳಿಗೆ ತಲಾ 52,500 ರೂಪಾಯಿ ಸಲ್ಲಬೇಕು. ನಾಮಿನಿ ಮಗನೇ ಆಗಿದ್ದರೂ ಲೆಕ್ಕ ಬದಲಾಗದು.

ವಿಧವಾ ಪಿಂಚಣಿಯ ವಿಷಯ ಬೇರೆ. ಅದು ಮೃತನ ಸೊತ್ತಲ್ಲ, ನಿಯಮದಂತೆ ಆಕೆಗೆಂದೇ ಕೊಡುವ ಹಣ. ಆದ್ದರಿಂದ ಅದು ತರಕೆಯಲ್ಲ, ಆಕೆಯದೇ ಎಂಬುದು ಭಾರತದ ಅನೇಕ ಮುಫ್ತಿಗಳ ಅಭಿಪ್ರಾಯ. ಮಕ್ಕಳು ಅದರಲ್ಲಿ ಪಾಲು ಕೇಳುವಂತಿಲ್ಲ.

ವಿಧವೆಯ ನಿಕಾಹ್ ತಡೆಯಬೇಡಿ

ಈ ವಿಧವಾ ಪಿಂಚಣಿಗೂ ಒಂದು ಶರತ್ತಿದೆ. ಮರುವಿವಾಹವಾದರೆ ಅದು ನಿಲ್ಲುತ್ತದೆ. ಮರುವಿವಾಹವಾಗಿಲ್ಲವೆಂದು ಆಕೆ ಘೋಷಿಸಬೇಕಾಗುತ್ತದೆ. ಇಲ್ಲಿ ಎರಡು ತಪ್ಪುಗಳಿಗೆ ದಾರಿಯಿದೆ. ಒಂದು, ಪಿಂಚಣಿಯ ಆಸೆಗೆ ಯುವ ವಿಧವೆಯ ನಿಕಾಹ್‌ಗೆ ಅಡ್ಡ ನಿಲ್ಲುವುದು. ಇನ್ನೊಂದು, ನಿಕಾಹ್ ಮಾಡಿಸಿ ಕಾಗದದಲ್ಲಿ ಮುಚ್ಚಿಡುವುದು. ಮೊದಲನೆಯದು ಸೂರಃ ಅನ್ನೂರ್‌ನ 32ನೇ ವಚನದ ಆಶಯಕ್ಕೆ ವಿರುದ್ಧ. ಒಂಟಿಯಾಗಿರುವವರಿಗೆ ವಿವಾಹ ಮಾಡಿಸಿರೆಂದು ಅಲ್ಲಿ ಆಜ್ಞೆಯಿದೆ. ಎರಡನೆಯದು ಸುಳ್ಳು ಸಾಕ್ಷ್ಯ. ಒಂದು ಪವಿತ್ರ ನಿಕಾಹನ್ನು ಕಳ್ಳತನದ ವಸ್ತುವಿನಂತೆ ಬಚ್ಚಿಡುವುದು ಆ ಸಹೋದರಿಗೆ ಎಂತಹ ಅವಮಾನ!

ಮಕ್ಕಳ ಗತಿಯೇನು ಎಂದು ಹೆದರಬೇಕಾಗಿಲ್ಲ. ತಾಯಿ ಮರುವಿವಾಹವಾದರೆ 25 ವರ್ಷದೊಳಗಿನ ಮಕ್ಕಳಿಗೆ, ಏಕಕಾಲಕ್ಕೆ ಇಬ್ಬರಿಗೆ, ಅನಾಥ ಮಕ್ಕಳ ಪಿಂಚಣಿ ಸಿಗುವ ಅವಕಾಶ ಈ ಯೋಜನೆಯಲ್ಲೇ ಇದೆ. ವಿಧವಾ ಪಿಂಚಣಿಯ ಶೇಕಡಾ 75ರಷ್ಟು ಒಬ್ಬೊಬ್ಬರಿಗೆ ಸಲ್ಲುತ್ತದೆ.

ಗಲ್ಫ್‌ನಲ್ಲಿ ದುಡಿಯುವವರಿಗೆ

ಮಗನ ವಿಷಯವನ್ನೂ ಹೇಳಿಬಿಡೋಣ. ಗಲ್ಫ್‌ನ ಕಂಪೆನಿಗಳಲ್ಲಿ ದುಡಿಯುವ ನಮ್ಮವರಿಗೆ ಸಾಮಾನ್ಯವಾಗಿ ತಿಂಗಳ ಪಿಂಚಣಿ ಇಲ್ಲ, ಸೇವೆಯ ಕೊನೆಯಲ್ಲಿ ಒಂದು ಇಡಿಗಂಟು ಮಾತ್ರ. ಯುಎಇಯ 2021ರ ಕಾರ್ಮಿಕ ಕಾನೂನಿನಂತೆ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ, ನಂತರ ವರ್ಷಕ್ಕೆ 30 ದಿನದ ಮೂಲವೇತನ. ಸೌದಿಯಲ್ಲಿ ಮೊದಲ 5 ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ, ಅನಂತರ ಒಂದು ತಿಂಗಳ ವೇತನ. ತಾನಾಗಿ ರಾಜೀನಾಮೆ ಕೊಟ್ಟರೆ ಸೌದಿಯಲ್ಲಿ 10 ವರ್ಷ ಪೂರೈಸದವರಿಗೆ ಅದು ಕಡಿಮೆಯಾಗುತ್ತದೆ. ಈ ಗಂಟು ಕೈಗೆ ಬಂದಾಗ ಮನೆ, ಮದುವೆಯ ಆಡಂಬರಕ್ಕೆ ಸುರಿದರೆ ಮುಪ್ಪಿಗೆ ಏನು ಉಳಿಯುತ್ತದೆ? ಅಬ್ಬಾಗೆ ಬರುವ ಮೂರು ಸಾವಿರವೂ ನಿಮಗೆ ಬಾರದು ಎಂಬುದನ್ನು ಈಗಲೇ ಯೋಚಿಸಿ.

ಝಕಾತ್‌ನ ಲೆಕ್ಕ ಸರಳ. ನಿಧಿಯಲ್ಲಿರುವ, ಇನ್ನೂ ಕೈಗೆ ಬಾರದ ಪಿಂಚಣಿಗೆ ಝಕಾತ್ ಇಲ್ಲ. ಕೈಗೆ ಬಂದದ್ದು ಇತರ ಉಳಿತಾಯದೊಂದಿಗೆ ಸೇರಿ ನಿಸಾಬ್ ಮುಟ್ಟಿದ್ದರೆ, ಚಾಂದ್ರಮಾನ ವರ್ಷ ಪೂರ್ತಿಯಾದಾಗ ಶೇಕಡಾ ಎರಡೂವರೆ ಕೊಡಬೇಕು. ಖರ್ಚಾಗಿ ಹೋದದ್ದಕ್ಕೆ ಇಲ್ಲ.

ಕೊನೆಯದಾಗಿ

ಸಾಲದ ವ್ಯವಹಾರವನ್ನು ಬರೆದಿಡಿರೆಂದು ಕುರ್‌ಆನ್‌ನ ಅತಿ ದೀರ್ಘ ವಚನ ಕಲಿಸುತ್ತದೆ. ಹಾಗೆಯೇ ಹಿರಿಯರೇ, ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕಿನ ಹೆಸರು, ಕಾರ್ಡು ಯಾರಲ್ಲಿದೆ, ನಿಮ್ಮ ಮರಣದ ಬಳಿಕ ಮೊದಲು ಯಾರಿಗೆ ತಿಳಿಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರಿಗೆಲ್ಲ ತಿಳಿಸಿಡಿ. ಮಕ್ಕಳೇ, ತಂದೆಯ ದಫನ್ ಮುಗಿಸಿ ಬಂದ ವಾರದಲ್ಲೇ ಬ್ಯಾಂಕಿಗೆ ಒಂದು ಪತ್ರ ಕೊಡಿ. ಬದುಕಿನುದ್ದಕ್ಕೂ ಬೆವರು ಸುರಿಸಿ ಹಲಾಲ್ ತಂದು ಉಣಿಸಿದ ತಂದೆಯ ಹೆಸರಿನಲ್ಲಿ, ಅವರು ಮಣ್ಣಾದ ಬಳಿಕ ಒಂದು ರೂಪಾಯಿಯೂ ಹರಾಮ್ ಬಾರದಂತೆ ನೋಡಿಕೊಳ್ಳುವುದು ಅವರಿಗೆ ನೀವು ಸಲ್ಲಿಸುವ ಸೇವೆಯೇ ಆಗಿದೆ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ನಮ್ಮ ಹಿರಿಯರ ಮುಪ್ಪಿಗೆ ಗೌರವವನ್ನೂ ನಮ್ಮ ಸಹಿಗಳಿಗೆ ಸತ್ಯವನ್ನೂ ಕರುಣಿಸಲಿ. ಆಮೀನ್.