ಆ ಸೀರಮ್ ಮೀನಿನದ್ದು ಎಂದೆ

ಕಡಲ ಮೂಲದ ಕ್ರೀಮು, ಸೀರಮ್ ಮಾರುವ ಕೆಲಸಕ್ಕೆ ಹೊಸದಾಗಿ ಸೇರಿದ್ದೀರಾ? ಟ್ರೈನಿಂಗಿನಲ್ಲಿ ಕೊಟ್ಟ ಬಣ್ಣದ ಫೋಲ್ಡರ್ ಪಕ್ಕಕ್ಕಿಟ್ಟು ಡಬ್ಬಿಯ ಹಿಂಬದಿ ಓದಿ. ಆಲ್ಜಿನೇಟ್, ಕ್ಯಾರಜೀನನ್, ಅಗರ್ ಎಂದಿದ್ದರೆ ಅದು ಪಾಚಿಯದ್ದು. ರಾಮನಾಥಪುರದ ಕರಾವಳಿಯಲ್ಲಿ ಬಿದಿರಿನ ತೆಪ್ಪಕ್ಕೆ ಕಟ್ಟಿ ಬೆಳೆಸುತ್ತಾರಲ್ಲ, ಕ್ಯಾರಜೀನನ್ ಬರುವುದು ಅಂಥ ಪಾಚಿಯಿಂದ. ಆದರೆ ಕೊಲಾಜೆನ್ ಯಾವ ಗಿಡದಲ್ಲೂ ಇಲ್ಲ, ಪಾಚಿಯಲ್ಲೂ ಇಲ್ಲ. ಮರೈನ್ ಕೊಲಾಜೆನ್ ಎಂದರೆ ಸಾಮಾನ್ಯವಾಗಿ ಮೀನಿನ ಚರ್ಮ, ಮೂಳೆಗಳಿಂದ ತೆಗೆದದ್ದು. ನಮ್ಮ ಸೀರಮ್ಮಿನಲ್ಲಿ ಇರುವುದೂ ಅದೇ ಅಲ್ಲವೇ ಎಂದು ಟ್ರೈನಿಂಗಿನಲ್ಲೇ ಕೇಳಿದ್ದೆ. "ಎಲ್ಲ ಸಮುದ್ರದ್ದೇ ಅಲ್ವಾ, ಪಾಚಿ ಅಂದ್ಬಿಡಿ" ಎಂದರು ನಮ್ಮ ಏರಿಯಾ ಮ್ಯಾನೇಜರ್.

ಆಮೇಲೆ ಹುಬ್ಬಳ್ಳಿಯ ವಿದ್ಯಾನಗರದ ಪಾರ್ಲರಿಗೆ ನನ್ನ ಜೊತೆ ಜಾಯಿಂಟ್ ವರ್ಕಿಂಗ್‌ಗೆ ಅವರೇ ಬಂದರು. ಒಡತಿ ಜೈನರು, ಗಿರಾಕಿಗಳಲ್ಲೂ ಬಹಳ ಮಂದಿ ಸಸ್ಯಾಹಾರಿಗಳು. ನಾವು ತೋರಿಸಿದ ಜೆಲ್ ಪಕ್ಕಕ್ಕಿಟ್ಟು, ಸೀರಮ್ ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದರಾಗ ಮೀನಿಂದು ಏನರ ಐತೇನ್ರಿ?" ಎಂದು ಕೇಳಿದರು. "ಹಂಡ್ರೆಡ್ ಪರ್ಸೆಂಟ್ ವೆಜ್ ಮೇಡಂ" ಎಂದು ನಮ್ಮವರು ಆಗಲೇ ಆರ್ಡರ್ ಪುಸ್ತಕ ಬಿಚ್ಚಿದ್ದರು. ಆಕೆ ಅವರತ್ತ ನೋಡಲೇ ಇಲ್ಲ. ನನ್ನ ಕಡೆ ತಿರುಗಿ, "ನೀ ಹೇಳವಾ ತಂಗಿ" ಎಂದರು. ಮೇಜಿನ ಕೆಳಗೆ ಮ್ಯಾನೇಜರ್ ನನ್ನ ಕಾಲು ತುಳಿದರು. ತಿಂಗಳ ಕೊನೆ, ಟಾರ್ಗೆಟ್ ಅರ್ಧಕ್ಕೇ ನಿಂತಿತ್ತು. ಫೇಶಿಯಲ್ ಮಾಡಿಸಿಕೊಳ್ಳುತ್ತಿದ್ದ ಹೆಂಗಸೂ ಕಣ್ಣಮೇಲಿನ ಹತ್ತಿ ತೆಗೆದು ನನ್ನನ್ನೇ ನೋಡುತ್ತಿದ್ದಳು. ಗಂಟಲು ಒಣಗಿತು. "ಅಕ್ಕಾ, ಜೆಲ್ ಪಾಚಿಯದ್ದು. ಈ ಸೀರಮ್ ಮೀನಿನ ಚರ್ಮದ್ದು" ಎಂದೆ.

ಮಲ್ಪೆಯಲ್ಲಿ ಮೀನು ತಿಂದೇ ಬೆಳೆದವಳು ನಾನು. ಮೀನು ನನಗೆ ಹೇಸಿಗೆಯ ಮಾತಲ್ಲ. ಆದರೆ ಒಬ್ಬರು ಜೀವಮಾನವಿಡೀ ಪಾಲಿಸಿಕೊಂಡು ಬಂದ ವ್ರತವನ್ನು ಒಂದು ಆರ್ಡರಿಗಾಗಿ ಕೆಡಿಸಲು ನಮಗೆ ಯಾವ ಹಕ್ಕಿದೆ? ಸೀರಮ್ ವಾಪಸ್ ಬಂತು. ಜೆಲ್ ಮಾತ್ರ ತೆಗೆದುಕೊಂಡರು, ಇಂದಿಗೂ ತೆಗೆದುಕೊಳ್ಳುತ್ತಾರೆ. ನಮ್ಮ ಮ್ಯಾನೇಜರ್ ಮಾತ್ರ 'ಹೇಳಿದ ಮಾತು ಕೇಳುವುದಿಲ್ಲ' ಎಂದು ಮೇಲಕ್ಕೆ ಬರೆದು, ನನ್ನ ಇನ್ಸೆಂಟಿವ್ ತಡೆಸಿದರು. ಆ ಸಿಟ್ಟು ಇನ್ನೂ ಆರಿಲ್ಲ.

ಹೊಸಬರು ಪ್ರತಿ ಪದಾರ್ಥದ ಮೂಲವನ್ನೂ ಕಂಪನಿಯಿಂದ ಇ-ಮೇಲಿನಲ್ಲಿ ಬರೆಸಿಕೊಳ್ಳಿ. ಲೇಬಲ್ಲಿನಲ್ಲಿ ಹೆಚ್ಚು ಇರುವುದು ಮೊದಲು ಬರುತ್ತದೆ, ಶೇ. 1ಕ್ಕಿಂತ ಹೆಚ್ಚಿಲ್ಲದವು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಇರಬಹುದು. ಪಾಚಿಯ ಹೆಸರು ಹೀಗೆ ಕೊನೆಯಲ್ಲಿ ಸುಗಂಧದ ಪಕ್ಕದಲ್ಲಿ ಕೂತಿದ್ದರೆ ಅದರ ಗುಣಗಾನ ಜಾಸ್ತಿ ಮಾಡಬೇಡಿ. ಕೈಟೋಸಾನ್ ಕಂಡರೆ ಸಿಗಡಿ, ಏಡಿ ಒಗ್ಗದವರಿಗೆ ಮೊದಲೇ ತಿಳಿಸಿ.