ಸೋತ ತಂಡವೂ ಲೋಲಕದ ಪಾಠವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳ ಸೀಮೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಕಬಡ್ಡಿ, ಕ್ರಿಕೆಟ್‌ಗಳಿಗೆ ಸೇರುವಷ್ಟು ಜನ ಸೇರುವುದಿಲ್ಲ. ಆದರೆ ಸೇರಿದವರ ಅಭಿಮಾನವೇನೂ ಕಡಮೆಯದಲ್ಲ. ಒಂದು ಸಂಜೆ ನಮ್ಮ ಕಾಲೇಜಿನ ಕೆಮ್ಮಣ್ಣಿನ ಅಂಕಣದಲ್ಲಿ ನಮ್ಮ ತಂಡವು ಸತತವಾಗಿ ನಾಲ್ಕನೆಯ ಪಂದ್ಯವನ್ನು ಸೋತಿತು. ಕೊನೆಯ ನಿಮಿಷದಲ್ಲಿ ದೊರೆತ ಮೂರು ಫ್ರೀ ಥ್ರೋಗಳನ್ನು ಒಬ್ಬ ಹುಡುಗನು ಒಂದರ ಮೇಲೊಂದರಂತೆ ತಪ್ಪಿಸಿದ್ದನು.

ಪಂದ್ಯ ಮುಗಿದು ಕಾಲು ಗಂಟೆಯೊಳಗೆ ಏಳೆಂಟು ವಿದ್ಯಾರ್ಥಿಗಳು ಒಂದು ಮನವಿ ಪತ್ರವನ್ನು ಹಿಡಿದು ನನ್ನ ಬಳಿಗೆ ಬಂದರು. ಅದರಲ್ಲಿದ್ದುವು ಎರಡು ಬೇಡಿಕೆಗಳು: ತರಬೇತಿ ನೀಡುತ್ತಿರುವ ಅಧ್ಯಾಪಕರನ್ನು ಬದಲಾಯಿಸಬೇಕು, ಆ ಹುಡುಗನನ್ನು ಮೊದಲ ಐವರಿಂದ ತೆಗೆಯಬೇಕು.

“ಸರ್, ನೀವೂ ರುಜು ಹಾಕಬೇಕು” ಎಂದು ಒಬ್ಬನು ಲೇಖನಿಯನ್ನು ಮುಂದೆ ಚಾಚಿದನು.

ಆ ಹುಡುಗನು ದೂರದಲ್ಲಿ ಬೂಟಿನ ದಾರ ಬಿಚ್ಚುತ್ತ, ತಲೆಯೆತ್ತದೆ ಕುಳಿತಿದ್ದನು. “ನಾಳೆ ಪ್ರಯೋಗಶಾಲೆಗೆ ಬನ್ನಿರಪ್ಪಾ. ರುಜುವಿನ ವಿಚಾರ ಆಮೇಲೆ” ಎಂದೆನು. ಮರುದಿನ ನಡೆದ ಪಾಠವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಎರಡು ಬಗೆಯ ದೋಷಗಳು

ಸರಳ ಲೋಲಕದ ಪ್ರಯೋಗವನ್ನು ಮಾಡದ ವಿಜ್ಞಾನ ವಿದ್ಯಾರ್ಥಿಯಿಲ್ಲ. ಸುಮಾರು ಒಂದು ಮೀಟರು ಉದ್ದದ ಲೋಲಕವು ಒಮ್ಮೆ ಅತ್ತ ಹೋಗಿ ಇತ್ತ ಬರಲು 2 ಸೆಕೆಂಡುಗಳು ಬೇಕು. ಆದರೆ ನಾವು ಒಂದು ಆಂದೋಲನದ ಕಾಲವನ್ನು ಅಳೆಯುವುದಿಲ್ಲ. 20 ಆಂದೋಲನಗಳ ಕಾಲವನ್ನು ಅಳೆದು 20ರಿಂದ ಭಾಗಿಸುತ್ತೇವೆ. ಏಕೆ? ಗಡಿಯಾರದ ಗುಂಡಿಯನ್ನು ಒತ್ತುವಾಗ ನಮ್ಮ ಬೆರಳು ಒಮ್ಮೆ ಮುಂಚೆ, ಒಮ್ಮೆ ತಡವಾಗಿ ಚಲಿಸುತ್ತದೆ. ಈ ತಪ್ಪು 0.2 ಸೆಕೆಂಡು ಎಂದಿಟ್ಟುಕೊಂಡರೆ, ಒಂದೇ ಆಂದೋಲನದಲ್ಲಿ ಅದು ನೂರಕ್ಕೆ ಹತ್ತರಷ್ಟಾಯಿತು. 20 ಆಂದೋಲನಗಳಲ್ಲಿ ಹಂಚಿಹೋದರೆ ನೂರಕ್ಕೆ ಅರ್ಧದಷ್ಟೇ ಉಳಿಯಿತು. ಇಂಥ ತಪ್ಪಿಗೆ ಆಕಸ್ಮಿಕ ದೋಷವೆಂದು ಹೆಸರು.

ಇನ್ನೊಂದು ಬಗೆಯ ತಪ್ಪಿದೆ. ಲೋಲಕದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯಬೇಕು. ಗುಂಡಿನ ಕೊಕ್ಕೆಯವರೆಗೆ ಮಾತ್ರ ಅಳೆದ ವಿದ್ಯಾರ್ಥಿಗೆ ಉದ್ದವು ಪ್ರತಿ ಸಲವೂ ಕಡಮೆಯೇ ಬರುತ್ತದೆ. ಅವನು ಇಪ್ಪತ್ತಲ್ಲ, ಇಪ್ಪತ್ತು ಸಾವಿರ ಆಂದೋಲನಗಳನ್ನು ಎಣಿಸಿದರೂ ಗುರುತ್ವದ ಬೆಲೆ ಸರಿಯಾಗಿ ಬಾರದು. ಇದು ಸ್ಥಿರ ದೋಷ. ಇದು ಯಾವಾಗಲೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಹುಡುಕಿ ತೆಗೆಯದ ಹೊರತು ಹೋಗುವುದಿಲ್ಲ.

ತಂಡವೊಂದು ಸೋತಾಗ ನಾವು ಕೇಳಬೇಕಾದ ಪ್ರಶ್ನೆಯೂ ಇದೇ: ಈ ಸೋಲು ಆಕಸ್ಮಿಕ ದೋಷವೋ, ಸ್ಥಿರ ದೋಷವೋ? ತರಬೇತುದಾರರ ತಪ್ಪು, ಆಟಗಾರರ ಆಯ್ಕೆಯ ತಪ್ಪು — ಇವು ಎರಡನೆಯ ಜಾತಿಗೆ ಸೇರಿದುವು. ಅವನ್ನು ಆರೋಪಿಸುವ ಮೊದಲು, ಮೊದಲನೆಯದರಿಂದಲೇ ಇಂಥ ಫಲ ಬರುವುದು ಸಾಧ್ಯವೇ ಎಂದು ಲೆಕ್ಕ ಹಾಕುವುದು ನ್ಯಾಯ.

ಲೆಕ್ಕವು ಏನು ಹೇಳುತ್ತದೆ?

ಹತ್ತು ಫ್ರೀ ಥ್ರೋಗಳಲ್ಲಿ ಸರಾಸರಿ ಆರನ್ನು ಹಾಕಬಲ್ಲ ಒಳ್ಳೆಯ ಆಟಗಾರನೊಬ್ಬನನ್ನು ಭಾವಿಸೋಣ. ಅವನು ಒಂದನ್ನು ತಪ್ಪಿಸುವ ಸಂಭವನೀಯತೆ 0.4. ಮೂರನ್ನೂ ಸತತವಾಗಿ ತಪ್ಪಿಸುವ ಸಂಭವನೀಯತೆ 0.4 × 0.4 × 0.4, ಎಂದರೆ 0.064, ಹೆಚ್ಚು ಕಡಮೆ ಹದಿನಾರರಲ್ಲಿ ಒಂದು. ಎದುರಾಳಿಗೆ ಸರಿಸಮಾನವಾದ ತಂಡವೊಂದು ನಾಲ್ಕು ಪಂದ್ಯಗಳನ್ನು ಸತತವಾಗಿ ಸೋಲುವ ಸಂಭವನೀಯತೆಯೂ ಹದಿನಾರರಲ್ಲಿ ಒಂದೇ. ಇಂಥ ಹದಿನಾರು ಕಾಲೇಜುಗಳು ನಾಲ್ಕು ನಾಲ್ಕು ಪಂದ್ಯಗಳನ್ನು ಆಡಿದರೆ, ಯಾರ ತಪ್ಪೂ ಇಲ್ಲದೆ ಸರಾಸರಿ ಒಂದು ಕಾಲೇಜು ನಾಲ್ಕನ್ನೂ ಸೋತಿರುತ್ತದೆ. ಆ ಒಂದು ಕಾಲೇಜಿನಲ್ಲಿ ಮಾತ್ರ ಮನವಿ ಪತ್ರ ಸಿದ್ಧವಾಗುತ್ತದೆ!

ಹಾಗಾದರೆ ಎಷ್ಟು ಎಸೆತಗಳನ್ನು ಎಣಿಸಬೇಕು? ಒಬ್ಬನು ಹತ್ತರಲ್ಲಿ ಆರು, ಇನ್ನೊಬ್ಬನು ಹತ್ತರಲ್ಲಿ ನಾಲ್ಕು ಹಾಕಿದರೆ ಮೊದಲನೆಯವನೇ ಮೇಲೆಂದು ಹೇಳುವಂತಿಲ್ಲ. ಅಷ್ಟು ವ್ಯತ್ಯಾಸ ಕೇವಲ ಆಕಸ್ಮಿಕವಾಗಿಯೂ ಮತ್ತೆ ಮತ್ತೆ ಬರುತ್ತದೆ. ಒಬ್ಬನು ನೂರರಲ್ಲಿ ಅರವತ್ತು, ಇನ್ನೊಬ್ಬನು ನೂರರಲ್ಲಿ ನಲವತ್ತು ಹಾಕಿದರೆ ಮಾತು ಬೇರೆ. ಎಣಿಕೆಯನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಸರಾಸರಿಯ ಅನಿಶ್ಚಯ ಅರ್ಧಕ್ಕೆ ಇಳಿಯುತ್ತದೆಂಬುದು ನಿಯಮ.

ಕನ್ನಡಿಗರೆಲ್ಲರಿಗೂ ತಿಳಿದ ಉದಾಹರಣೆ

ಕ್ರಿಕೆಟ್ಟಿನ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಕಥೆಯನ್ನು ಈ ಬೆಳಕಿನಲ್ಲಿ ನೋಡೋಣ. 2008ರಲ್ಲಿ ಆರಂಭವಾದ ಐ.ಪಿ.ಎಲ್. ಸ್ಪರ್ಧೆಯಲ್ಲಿ ಈ ತಂಡವು 2009, 2011, 2016ರಲ್ಲಿ ಅಂತಿಮ ಪಂದ್ಯವನ್ನು ತಲುಪಿ ಸೋತಿತು. “ಈ ಸಲ ಕಪ್ ನಮ್ದೇ” ಎಂಬ ಅಭಿಮಾನಿಗಳ ಘೋಷಣೆ ಅವರನ್ನೇ ಅಣಕಿಸುವ ಮಾತಾಯಿತು. ಪ್ರತಿ ವರ್ಷವೂ ತರಬೇತುದಾರರ ಮೇಲೆ, ನಾಯಕರ ಮೇಲೆ, ಹನ್ನೊಂದು ಮಂದಿಯ ಆಯ್ಕೆಯ ಮೇಲೆ ಆಕ್ಷೇಪಗಳು ಸುರಿದುವು.

2016ರಲ್ಲಿ ಡೇನಿಯಲ್ ವೆಟ್ಟೋರಿಯವರ ತರಬೇತಿಯಲ್ಲಿ ತಂಡವು ಅಂತಿಮ ಪಂದ್ಯವನ್ನು 8 ರನ್ನುಗಳಿಂದ ಕಳೆದುಕೊಂಡಿತು. ಅದೇ ತರಬೇತುದಾರರ ಕೈಯಲ್ಲಿ, 2017ರ ಏಪ್ರಿಲ್ 23ರಂದು ಕೊಲ್ಕತ್ತದಲ್ಲಿ 49 ರನ್ನುಗಳಿಗೆ ಎಲ್ಲರೂ ಔಟಾಗಿ, ಆ ವರ್ಷ ಪಟ್ಟಿಯ ಕೊನೆಯ ಸ್ಥಾನಕ್ಕೆ ಇಳಿಯಿತು. ಗಾಯದ ಕಾರಣ ಕೆ.ಎಲ್. ರಾಹುಲ್ ಆ ವರ್ಷ ಆಡಲೇ ಇಲ್ಲವೆಂಬುದೂ ನಿಜ. ಆದರೆ ಒಂದು ವರ್ಷದ ಅವಧಿಯಲ್ಲಿ ತರಬೇತುದಾರರ ಬುದ್ಧಿ ಶಿಖರದಿಂದ ಪಾತಾಳಕ್ಕೆ ಇಳಿಯಿತೆಂದು ನಂಬುವುದು ಕಷ್ಟ.

2024ರ ಕಥೆ ಇನ್ನೂ ಸ್ವಾರಸ್ಯಕರ. ಮೊದಲ 8 ಪಂದ್ಯಗಳಲ್ಲಿ ತಂಡವು 7ನ್ನು ಸೋತಿತು. ಉಳಿದ 6ನ್ನೂ ಗೆದ್ದಿತು. ತರಬೇತುದಾರರು ಅದೇ ಆಂಡಿ ಫ್ಲವರ್. ಹನ್ನೊಂದು ಮಂದಿಯ ಆಯ್ಕೆಯಲ್ಲಿ ಕೆಲವು ಬದಲಾವಣೆಗಳಾಗಿದ್ದುವು. ಒಟ್ಟು 14ರಲ್ಲಿ 7 ಗೆಲುವು, 7 ಸೋಲು — ನಾಣ್ಯ ಚಿಮ್ಮಿದಾಗ ನಿರೀಕ್ಷಿಸುವಷ್ಟೇ. ಸರಿಸಮಾನ ತಂಡವೊಂದು 8ರಲ್ಲಿ 7 ಅಥವಾ ಹೆಚ್ಚು ಪಂದ್ಯಗಳನ್ನು ಸೋಲುವ ಸಂಭವನೀಯತೆ 256ರಲ್ಲಿ 9. ಹತ್ತು ತಂಡಗಳ ಸ್ಪರ್ಧೆಯಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರು ವರ್ಷಗಳಿಗೊಮ್ಮೆ ಯಾವುದೋ ಒಂದು ತಂಡಕ್ಕೆ ಇಂಥ ದುರ್ದೆಸೆ ಬಂದೇ ಬರಬೇಕು.

ಕೊನೆಗೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ತಂಡವು ಪಂಜಾಬ್ ತಂಡವನ್ನು ಸೋಲಿಸಿ ಕಪ್ ಗೆದ್ದಿತು. ಗೆಲುವಿನ ಅಂತರ 6 ರನ್ನು. 2009ರ ಅಂತಿಮ ಪಂದ್ಯವನ್ನು ಸೋತ ಅಂತರವೂ 6 ರನ್ನೇ! ಅತ್ತ ಆರು ರನ್ನು ಬಿದ್ದಾಗ ನಿಂದೆ, ಇತ್ತ ಆರು ರನ್ನು ಬಿದ್ದಾಗ ವಂದನೆ. ಫಲಿತಾಂಶವನ್ನು ಮಾತ್ರ ನೋಡಿ ಬುದ್ಧಿಯನ್ನು ಅಳೆಯುವುದು ಎಷ್ಟು ಅಪಾಯವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬದಲಾವಣೆಯ ಭ್ರಮೆ

“ಸರ್, ತರಬೇತುದಾರರನ್ನು ಬದಲಾಯಿಸಿದ ಕೂಡಲೇ ಎಷ್ಟೋ ತಂಡಗಳು ಸುಧಾರಿಸುತ್ತವಲ್ಲ?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪ್ರಶ್ನೆ ಯೋಗ್ಯವಾದುದು.

1886ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿಗಳ ಎತ್ತರವನ್ನೂ ಮಕ್ಕಳ ಎತ್ತರವನ್ನೂ ಹೋಲಿಸಿ ಒಂದು ಸಂಗತಿಯನ್ನು ಪ್ರಕಟಿಸಿದನು. ಅತಿ ಎತ್ತರದವರ ಮಕ್ಕಳು ಸರಾಸರಿಯಾಗಿ ಅವರಷ್ಟು ಎತ್ತರವಿರುವುದಿಲ್ಲ. ಅತಿ ಗಿಡ್ಡರ ಮಕ್ಕಳು ಅವರಷ್ಟು ಗಿಡ್ಡರಿರುವುದಿಲ್ಲ. ಆಕಸ್ಮಿಕದ ಪಾಲಿರುವ ಎಲ್ಲ ಅಳತೆಗಳಲ್ಲಿಯೂ ಅತಿರೇಕದ ಬಳಿಕ ಬರುವುದು ಸಾಮಾನ್ಯವಾಗಿ ಸರಾಸರಿಯ ಹತ್ತಿರಕ್ಕೆ ಮರಳುತ್ತದೆ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಇಸ್ರೇಲಿನ ವಾಯುಪಡೆಯ ಶಿಕ್ಷಕರಲ್ಲಿ ಇದನ್ನು ಕಂಡರು. ಚೆನ್ನಾಗಿ ಹಾರಿದವನನ್ನು ಹೊಗಳಿದರೆ ಮುಂದಿನ ಸಲ ಅವನು ಕೆಡುತ್ತಾನೆ, ಕೆಟ್ಟದಾಗಿ ಹಾರಿದವನನ್ನು ಬೈದರೆ ಸುಧಾರಿಸುತ್ತಾನೆ ಎಂದು ಆ ಶಿಕ್ಷಕರು ನಂಬಿದ್ದರು. ಬೈದರೂ ಬಯ್ಯದಿದ್ದರೂ ಹೀಗೆಯೇ ಆಗುತ್ತಿತ್ತೆಂಬುದು ಅವರಿಗೆ ಹೊಳೆದಿರಲಿಲ್ಲ. ತರಬೇತುದಾರರನ್ನು ಬದಲಾಯಿಸುವುದೂ ತಂಡವು ಪಾತಾಳದಲ್ಲಿರುವಾಗಲೇ. ಅಲ್ಲಿಂದ ಅದು ಮೇಲೆ ಬಂದಾಗ ಹೊಸಬರಿಗೆ ಕೀರ್ತಿ, ಹಳಬರಿಗೆ ಅಪಕೀರ್ತಿ.

ಆಟದಲ್ಲಿ ಎಲ್ಲವೂ ಆಕಸ್ಮಿಕವೆಂದು ನನ್ನ ವಾದವಲ್ಲ. ಸತತವಾಗಿ ಬುಟ್ಟಿಗೆ ಹಾಕುತ್ತಿರುವವನ ಕೈ ‘ಪಳಗಿದೆ’ ಎಂಬುದು ಭ್ರಮೆಯೆಂದು 1985ರಲ್ಲಿ ಗಿಲೋವಿಚ್, ವಲ್ಲೋನ್, ಟ್ವರ್ಸ್ಕಿ ಎಂಬ ಮೂವರು ವಿದ್ವಾಂಸರು ಸಾರಿದರು. ಅವರ ಲೆಕ್ಕದ ಕ್ರಮದಲ್ಲಿಯೇ ಒಂದು ಸೂಕ್ಷ್ಮ ದೋಷವಿತ್ತೆಂದು ಮಿಲ್ಲರ್, ಸಂಜೂರ್ಹೊ ಎಂಬವರು 2018ರಲ್ಲಿ ತೋರಿಸಿದರು. ವಿಜ್ಞಾನಿಗಳೂ ಸ್ಥಿರ ದೋಷಕ್ಕೆ ಹೊರತಲ್ಲ.

ಸ್ಥಿರ ದೋಷವನ್ನು ಹುಡುಕುವ ಬಗೆ

ನಮ್ಮ ಸೀಮೆಯ ಶೇಂಗಾ ಬೆಳೆಗಾರನಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ಮಳೆ ಕೈಕೊಟ್ಟ ವರ್ಷ ಅವನು ಬೀಜವನ್ನು ಬಯ್ಯುವುದಿಲ್ಲ. ಆದರೆ ಅದೇ ಮಳೆಯಲ್ಲಿ, ಅಂಥದೇ ಮಣ್ಣಿನಲ್ಲಿ, ಬದುವಿನಾಚೆಯ ಹೊಲ ಬೆಳೆದು ತನ್ನ ಹೊಲ ಬೆಳೆಯದಿದ್ದರೆ ಆಗ ಬೀಜವನ್ನು ಶಂಕಿಸುತ್ತಾನೆ. ಉಳಿದುವನ್ನೆಲ್ಲ ಸಮವಾಗಿಟ್ಟು ಒಂದನ್ನು ಹೋಲಿಸುವುದು. ಫಲಿತಾಂಶವನ್ನಲ್ಲದೆ ಅದರ ದಿಕ್ಕನ್ನೂ ಗಮನಿಸುವುದು — ಇವೇ ಉಪಾಯಗಳು.

ವಿದ್ಯಾರ್ಥಿಗಳು ಮನವಿ ಪತ್ರವನ್ನು ಹಿಂದುಮುಂದಾಗಿ ತಿರುಗಿಸಿ ಖಾಲಿ ಬದಿಯಲ್ಲಿ ಒಂದು ಬಳೆಯ ಚಿತ್ರವನ್ನು ಬರೆದರು. ಒಂದು ವಾರ, ಅಭ್ಯಾಸದ ವೇಳೆ, ತಪ್ಪಿದ ಪ್ರತಿಯೊಂದು ಚೆಂಡು ಬಳೆಯ ಯಾವ ಭಾಗಕ್ಕೆ ತಗುಲಿತೆಂದು ಅಲ್ಲಿ ಚುಕ್ಕೆಯಿಟ್ಟರು. ಆಕಸ್ಮಿಕ ದೋಷವಾದರೆ ಚುಕ್ಕೆಗಳು ಸುತ್ತಲೂ ಹರಡಬೇಕು. ಆದರೆ ಬಹುಪಾಲು ಚುಕ್ಕೆಗಳು ಎಸೆಯುವವನಿಗೆ ಹತ್ತಿರದ ಅಂಚಿನಲ್ಲಿಯೇ ಗುಂಪುಗೂಡಿದುವು. ಸ್ಥಿರ ದೋಷ ಸಿಕ್ಕಿತು!

ಕಾರಣವೇನು? ಬಳೆಯ ಒಳವ್ಯಾಸ 45 ಸೆಂಟಿಮೀಟರು, ಚೆಂಡಿನ ವ್ಯಾಸ ಸುಮಾರು 24. ನೇರವಾಗಿ ಮೇಲಿನಿಂದ ಬೀಳುವ ಚೆಂಡಿಗೆ ಬಾಗಿಲು ವಿಶಾಲ. ಓರೆಯಾಗಿ ಬರುವ ಚೆಂಡಿಗೆ ಅದು ಕಿರಿದಾಗುತ್ತದೆ. ಚೆಂಡು ಇಳಿಯುವ ಕೋನ 32 ಡಿಗ್ರಿಗಿಂತ ಕಡಮೆಯಾದರೆ ಬಳೆಗೆ ತಗುಲದೆ ಒಳಗೆ ಹೋಗುವ ಮಾರ್ಗವೇ ಇಲ್ಲ. ಬಳೆಯ ಎತ್ತರ 3.05 ಮೀಟರು, ಚೆಂಡು ಕೈ ಬಿಡುವ ಎತ್ತರ ಸುಮಾರು 2 ಮೀಟರು, ಫ್ರೀ ಥ್ರೋ ಗೆರೆಯಿಂದ ಬಳೆಯ ಮಧ್ಯಕ್ಕೆ ಸಮತಲ ದೂರ ಸುಮಾರು 4.2 ಮೀಟರು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 45 ಡಿಗ್ರಿಯಲ್ಲಿ ಎಸೆದ ಚೆಂಡು ಸುಮಾರು 27 ಡಿಗ್ರಿಯಲ್ಲಿ ಇಳಿಯುತ್ತದೆ. 55 ಡಿಗ್ರಿಯಲ್ಲಿ ಎಸೆದುದು 43 ಡಿಗ್ರಿಯಲ್ಲಿ ಇಳಿಯುತ್ತದೆ. ಆಗ ಬಾಗಿಲಲ್ಲಿ ಆರು ಸೆಂಟಿಮೀಟರಿಗೂ ಹೆಚ್ಚು ಬಿಡುವು ಉಳಿಯುತ್ತದೆ.

“ಇಷ್ಟು ಚಪ್ಪಟೆಯಾಗಿ ಏಕೆ ಎಸೆಯುತ್ತೀಯಪ್ಪಾ?” ಎಂದು ಆ ಹುಡುಗನನ್ನು ಕೇಳಿದೆನು. ಅವನು ಸ್ವಲ್ಪ ತಡೆದು, “ಸರ್, 45 ಡಿಗ್ರಿಯೇ ಉತ್ತಮವೆಂದು ತಾವೇ ಹೇಳಿದ್ದಿರಿ. ಮೇಷ್ಟ್ರು ಇನ್ನೂ ಎತ್ತರಿಸೆನ್ನುತ್ತಿದ್ದರು. ಪುಸ್ತಕದಲ್ಲಿ ಹಾಗಿಲ್ಲವೆಂದು ನಾವು ಕೇಳಲಿಲ್ಲ” ಎಂದನು.

ನಿಜ. ಎಸೆದ ವಸ್ತುವು ಅತಿ ಹೆಚ್ಚು ದೂರ ಹೋಗಲು 45 ಡಿಗ್ರಿ ಬೇಕೆಂದು ಕರಿಹಲಗೆಯ ಮೇಲೆ ಬರೆದವನು ನಾನೇ. ಎಸೆಯುವ ಸ್ಥಳವೂ ಬೀಳುವ ಸ್ಥಳವೂ ಒಂದೇ ಮಟ್ಟದಲ್ಲಿರುವಾಗ ಮಾತ್ರ ಆ ಮಾತು ಸಲ್ಲುತ್ತದೆ, ಮತ್ತು ಅದು ದೂರಕ್ಕೆ ಸಂಬಂಧಿಸಿದ್ದೇ ಹೊರತು ಗುರಿಗಲ್ಲ, ಎಂಬ ಎರಡು ವಾಕ್ಯಗಳನ್ನು ಒತ್ತಿ ಹೇಳಿರಲಿಲ್ಲ. ಯಾರನ್ನು ತೆಗೆಯಬೇಕೆಂದು ಮನವಿ ಬರೆಯಲಾಗಿತ್ತೋ ಆ ತರಬೇತುದಾರರೇ ಸರಿಯಾದುದನ್ನು ಹೇಳುತ್ತಿದ್ದರು. ಸ್ಥಿರ ದೋಷವಿದ್ದುದು ಭೌತಶಾಸ್ತ್ರದ ತರಗತಿಯಲ್ಲಿ!

ಮುಂದಿನ ಪಂದ್ಯವನ್ನೂ ನಮ್ಮ ತಂಡ ಸೋತಿತೆಂಬುದನ್ನು ಮರೆಮಾಚಲಾರೆ. ಆದರೆ ಈ ಸಲ ಯಾರೂ ಮನವಿ ಪತ್ರ ಬರೆಯಲಿಲ್ಲ; ಬಳೆಯ ಚಿತ್ರವನ್ನು ಮತ್ತೊಂದು ಹಾಳೆಯ ಮೇಲೆ ಬರೆದರು. ಒಂದು ಪಂದ್ಯದಿಂದ ಏನೂ ಸಿದ್ಧವಾಗುವುದಿಲ್ಲವೆಂದು ಅವರಿಗೆ ಹೇಳಬೇಕಾಗಿರಲಿಲ್ಲ. ತರಬೇತುದಾರರು ನಿಜವಾಗಿಯೂ ತಪ್ಪಿದ್ದಾಗ ಹೇಳುವ ಹಕ್ಕು ಅಭಿಮಾನಿಗೆ ಇದ್ದೇ ಇದೆ. ಹೇಳುವಾಗ ಕೈಯಲ್ಲಿ ಚುಕ್ಕೆಗಳ ಹಾಳೆಯಿರಲಿ ಎಂಬುದಷ್ಟೇ ನನ್ನ ಕೋರಿಕೆ.

ವಾಚಕರಿಗೆ ಒಂದು ಅಭ್ಯಾಸ: ಹತ್ತು ತಂಡಗಳ ಹೆಸರನ್ನು ಬರೆದು, ಪ್ರತಿಯೊಂದಕ್ಕೂ ಹದಿನಾಲ್ಕು ಸಲ ನಾಣ್ಯ ಚಿಮ್ಮಿರಿ, ತಲೆ ಬಿದ್ದರೆ ಗೆಲುವು. ಒಂದು ತಂಡಕ್ಕೆ ಸುಮಾರು ಹತ್ತು ಗೆಲುವುಗಳೂ ಇನ್ನೊಂದಕ್ಕೆ ಸುಮಾರು ನಾಲ್ಕೂ ಬಂದರೆ ಆಶ್ಚರ್ಯಪಡಬೇಡಿರಿ. ಬಳಿಕ, ಕೊನೆಯ ತಂಡದ ತರಬೇತುದಾರರು ಮಾಡಿದ ತಪ್ಪೇನೆಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ.